ಜಡ್ಜಮ್ಮನ ಮನೆಯಲ್ಲಿ ಉಕ್ಕಿದ ಹಾಲು

ಹೆರಾತ್ ನಗರದ ಕೋರ್ಟಿನಲ್ಲಿ ಹನ್ನೊಂದು ವರ್ಷ ನ್ಯಾಯಾಧೀಶರಾಗಿದ್ದ ಜರ್ಮೀನಾ ಎಂಬವರಿಗೆ ಕಮೋಡಿನ ಫ್ಲಶ್ ಒತ್ತುವುದು ಹೇಗೆಂದು ಕಲಿಸಿಕೊಟ್ಟ ಕೀರ್ತಿ ಮಂಡ್ಯದ ವನಜಾಳಿಗೆ ಸಲ್ಲಬೇಕು. ಚಿಕ್ಕ ಗುಂಡಿ ಒತ್ತಿದರೆ ಅರ್ಧ ನೀರು, ದೊಡ್ಡ ಗುಂಡಿ ಒತ್ತಿದರೆ ಪೂರ್ತಿ ನೀರು. ಜರ್ಮೀನಾ ಕೈಕಟ್ಟಿ ನಿಂತು, ವಕೀಲರ ವಾದ ಆಲಿಸುವ ಗಾಂಭೀರ್ಯದಲ್ಲಿ ಎಲ್ಲವನ್ನೂ ಆಲಿಸಿ, "ಅರ್ಥವಾಯಿತು" ಎಂದರು. ವನಜಾ ಪಟ್ಟಿಯಲ್ಲಿ ಆ ಸಾಲಿನ ಮುಂದೆ ಟಿಕ್ ಹಾಕಿದಳು. ಪಟ್ಟಿಯಲ್ಲಿ ಅಂಥ ಸಾಲುಗಳು ಅರವತ್ತಮೂರು ಇದ್ದವು.

ಅಫ್ಘಾನಿಸ್ತಾನದಿಂದ ಓಡಿಬಂದವರನ್ನು ಆಸ್ಟ್ರೇಲಿಯಾದಲ್ಲಿ ನೆಲೆಗೊಳಿಸಲು ಸರ್ಕಾರ ಹಾಕಿಕೊಂಡ ಕಾರ್ಯಕ್ರಮದ ಪ್ರಾಣ ಇರುವುದು ಈ ಪಟ್ಟಿಯಲ್ಲಿ. ಸರ್ಕಾರ ಗುತ್ತಿಗೆ ಕೊಡುತ್ತದೆ, ಗುತ್ತಿಗೆ ಹಿಡಿದ ಸಂಸ್ಥೆ ಪಟ್ಟಿ ಮಾಡುತ್ತದೆ, ಪಟ್ಟಿ ಹಿಡಿದು ವನಜಾಳಂಥವರು ಮನೆಮನೆಗೆ ಹೋಗುತ್ತಾರೆ. ಕೆಂಪು ಮುಚ್ಚಳದ ಕಸದ ಬಿನ್ನಿಗೆ ಏನು ಹಾಕಬೇಕು, ಹಳದಿಗೆ ಏನು, ಸಮುದ್ರದಲ್ಲಿ ಎರಡು ಬಾವುಟಗಳ ನಡುವೆಯೇ ಏಕೆ ಈಜಬೇಕು, ಹೊಗೆ ಅಲಾರಂ ಕೂಗಿದರೆ ಏನು ಮಾಡಬೇಕು. ಬಾಂಬಿನ ಸದ್ದು ಕೇಳಿ ಬಂದವರಿಗೆ ಅಲಾರಂ ಸದ್ದಿನ ಪರಿಚಯ ಮಾಡಿಸುವಾಗ ವನಜಾಳಿಗೆ ಮೊದಮೊದಲು ನಾಚಿಕೆಯಾಗುತ್ತಿತ್ತು. ಆಮೇಲೆ ರೂಢಿಯಾಯಿತು.

ಅವಳಿಗೆ ಈ ಕೆಲಸ ಸಿಕ್ಕಿದ್ದು ಐವತ್ತನಾಲ್ಕನೆಯ ವಯಸ್ಸಿಗೆ. ಮಂಡ್ಯದ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಎಫ್‌ಡಿಎ ಆಗಿದ್ದವಳು, ಗಂಡ ರಮಾಕಾಂತನಿಗೆ ಇಲ್ಲಿಯ ಕಬ್ಬಿಣದ ಗಣಿಯಲ್ಲಿ ಎಂಜಿನಿಯರ್ ಕೆಲಸವಾದಾಗ ರಾಜೀನಾಮೆ ಕೊಟ್ಟು ಪರ್ತ್ ನಗರಕ್ಕೆ ಬಂದಳು. ಅವನು ಎರಡು ವಾರ ಗಣಿಯಲ್ಲಿ, ಒಂದು ವಾರ ಮನೆಯಲ್ಲಿ. ಇವಳು ಹದಿನೈದು ವರ್ಷ ಗೋದಾಮಿನಲ್ಲಿ ಡಬ್ಬ ತುಂಬಿದಳು, ಮಕ್ಕಳ ಡೈಪರ್ ಬದಲಿಸಿದಳು, ಮುದುಕರ ಡೈಪರ್ ಬದಲಿಸಿದಳು. ಮೇಜು, ಕುರ್ಚಿ, ಕೊರಳಿಗೆ ಗುರುತಿನ ಚೀಟಿ ಇರುವ ಕೆಲಸ ಪರ್ತಿನಲ್ಲಿ ಇದೇ ಮೊದಲು. ಸಂದರ್ಶನದಲ್ಲಿ ಹಿಂದಿ ಬರುತ್ತದೆ ಎಂದಳು. ಆಫ್ಘನ್ನರು ಹಿಂದಿ ಸೀರಿಯಲ್ ನೋಡುತ್ತಾರೆಂದು ಸಂದರ್ಶಕರಿಗೆ ಯಾರೋ ಹೇಳಿದ್ದರು. ಸೇರಿಸಿಕೊಂಡರು. ಅವಳ ಹಿಂದಿ ಎಂಥದ್ದೆಂದು ಪರೀಕ್ಷಿಸುವ ಯೋಗ್ಯತೆ ಆ ಕೋಣೆಯಲ್ಲಿ ಯಾರಿಗೂ ಇರಲಿಲ್ಲ. ಆರು ತಿಂಗಳ ಪ್ರೊಬೇಷನ್ ಮುಗಿದರೆ ಕೆಲಸ ಕಾಯಂ.

ಜರ್ಮೀನಾ, ಅವರ ತಾಯಿ, ಹದಿಮೂರರ ಮಗಳು ಹುಸ್ನಾ, ಮೂವರೂ ಇಸ್ಲಾಮಾಬಾದಿನ ಒಂದು ಕೋಣೆಯಲ್ಲಿ ವೀಸಾಕ್ಕೆ ಎರಡೂವರೆ ವರ್ಷ ಕಾದವರು. ಮೊದಲು ಇವರನ್ನು ಅಡಿಲೇಡಿಗೆ ಹಂಚಲಾಗಿತ್ತು. ಅಲ್ಲಿಯವರು ಉತ್ಸಾಹದಿಂದ ಹುಸ್ನಾಳಿಗೆ ಶಾಲೆಯ ಯೂನಿಫಾರ್ಮ್ ತಂದಿಟ್ಟರು. ಆಮೇಲೆ ಬ್ರಿಸ್ಬೇನ್ ಎಂದಾಯಿತು. ಕೊನೆಗೆ ವಿಮಾನ ಇಳಿದದ್ದು ಪರ್ತಿನಲ್ಲಿ. ಅದೇ ಹೊತ್ತಿಗೆ ಬ್ರಿಸ್ಬೇನಿನ ನಿಲ್ದಾಣದಲ್ಲಿ ಒಬ್ಬ ಮನುಷ್ಯ ಸ್ವಾಗತದ ಬೋರ್ಡು ಹಿಡಿದು ಮೂರು ಗಂಟೆ ನಿಂತಿದ್ದನಂತೆ. ಯಾರ ಕಂಪ್ಯೂಟರಿನ ತಪ್ಪೋ, ಯಾರೂ ಒಪ್ಪಿಕೊಳ್ಳಲಿಲ್ಲ. ಜರ್ಮೀನಾರ ಗಂಡ ಮೂರು ವರ್ಷದ ಹಿಂದೆ ತೀರಿಕೊಂಡಿದ್ದರು. ಹೇಗೆ ಎಂದು ಕೇಳುವ ಕಾಲಂ ಫಾರ್ಮಿನಲ್ಲಿತ್ತು. ವನಜಾ ಅದನ್ನು ಖಾಲಿ ಬಿಟ್ಟಳು.

ಇವರಿಬ್ಬರ ಮಾತುಕತೆ ಹಿಂದಿಯಲ್ಲಿ. ಜರ್ಮೀನಾರದ್ದು ಬಾಲ್ಯದಲ್ಲಿ ಪೇಶಾವರದಲ್ಲಿ ಕಲಿತ ಉರ್ದು, ವನಜಾಳದ್ದು ಮಂಡ್ಯ ಬಸ್ ಸ್ಟ್ಯಾಂಡಿನ ಹಿಂದಿ. ಜರ್ಮೀನಾ ಪ್ರೀತಿಯಿಂದ "ವನಜಾ ಜಾನ್" ಎನ್ನುತ್ತಿದ್ದರು. ನಿರಾಶ್ರಿತರನ್ನು ಹೆಸರು ಹಿಡಿದೇ ಕರೆಯಬೇಕು, ಆಗಲೇ ಅವರಿಗೆ ಸಮಾನತೆ ಅನಿಸುವುದು ಎಂದು ತರಬೇತಿಯಲ್ಲಿ ಹೇಳಿಕೊಟ್ಟಿದ್ದರು. ಜಡ್ಜಿನ ಹೆಸರು ಹಿಡಿದು ಕರೆಯಲು ಕಂದಾಯ ಇಲಾಖೆಯ ಮಗ್ಗುಲಲ್ಲಿ ಬೆಳೆದ ನಾಲಗೆ ಹೊರಳಬೇಕಲ್ಲ! ವನಜಾ "ಮೇಡಂ" ಎಂದೇ ಕರೆದಳು.

ಬೆಂಟ್ಲಿ ಬಡಾವಣೆಯ ತಾತ್ಕಾಲಿಕ ಮನೆಯಲ್ಲಿ ಅವರಿಗೆ ಇದ್ದ ಅವಕಾಶ ಎಂಟು ವಾರ. ಅಷ್ಟರೊಳಗೆ ಬಾಡಿಗೆ ಮನೆ ಹಿಡಿಯಬೇಕು. ಪರ್ತಿನಲ್ಲಿ ಆಗ ಒಂದು ಬಾಡಿಗೆ ಮನೆ ನೋಡಲು ನಲವತ್ತು ಜನ ಸಾಲು ನಿಲ್ಲುತ್ತಿದ್ದ ಕಾಲ. ಹಿಂದಿನ ಬಾಡಿಗೆ ಮನೆಯ ದಾಖಲೆ ಕೊಡಿ ಎಂದರೆ ಇವರೇನು ಕೊಡುತ್ತಾರೆ? ಇಪ್ಪತ್ತಮೂರು ಅರ್ಜಿ ಹಾಕಿ ಇಪ್ಪತ್ತಮೂರೂ ವಾಪಸ್ಸಾದವು.

ಯುಗಾದಿಯ ಊಟದಲ್ಲಿ ವನಜಾ ಕನ್ನಡ ಸಂಘದವರನ್ನೂ ಕೇಳಿ ನೋಡಿದಳು. ಅಲ್ಲಿ ಎರಡನೆಯ ಮನೆ ಇಲ್ಲದವನು ಮನುಷ್ಯನೇ ಅಲ್ಲ. ಮೂರು ಮನೆಯ ಒಡೆಯ ಅನಂತಪದ್ಮನಾಭ ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತಾ ಆಫ್ಘನ್ನರ ಕಷ್ಟಕ್ಕೆ ಹತ್ತು ನಿಮಿಷ ಮರುಗಿದರು. ಟಿವಿಯಲ್ಲಿ ವಿಮಾನಕ್ಕೆ ಜೋತುಬಿದ್ದವರನ್ನು ನೋಡಿ ಎರಡು ದಿನ ಊಟ ಸೇರಿರಲಿಲ್ಲವಂತೆ.

"ಹಾಗಾದ್ರೆ ನಿಮ್ಮ ಕ್ಯಾನಿಂಗ್ಟನ್ ಮನೆ ಖಾಲಿ ಇದ್ಯಲ್ಲ ಸರ್?" ಎಂದಳು ವನಜಾ.

"ನಂದೇನಿಲ್ಲಮ್ಮ, ಎಲ್ಲಾ ಏಜೆಂಟ್ ನೋಡ್ಕೊಳ್ತಾನೆ," ಎಂದು ಅವರು ಎಲೆಯತ್ತ ಬಗ್ಗಿದರು. ಸ್ವಲ್ಪ ಹೊತ್ತಿನ ಮೇಲೆ ತಲೆಯೆತ್ತಿ, "ನಾನ್‌ವೆಜ್ ಮಾಡ್ತಾರಲ್ವಾ? ಕಾರ್ಪೆಟ್‌ಗೆ ವಾಸನೆ ಹಿಡಿದ್ರೆ ಹೋಗಲ್ಲ, ಅದೊಂದು ಪ್ರಾಬ್ಲಮ್ಮು," ಎಂದರು.

ವನಜಾ ಮನೆಗೆ ಬಂದು ಮಂಡ್ಯದ ವಿದ್ಯೆ ಹೊರತೆಗೆದಳು. ಇಪ್ಪತ್ತನಾಲ್ಕನೆಯ ಅರ್ಜಿಗೆ ನಲವತ್ತೊಂದು ಲಗತ್ತು ಹಾಕಿದಳು. ಅನುಬಂಧ ಒಂದು, ಅನುಬಂಧ ಎರಡು ಎಂದು ಸೀಲು ಹೊಡೆದು, ಪುಟಸಂಖ್ಯೆ ಕೊಟ್ಟು, ಮೊದಲಿಗೆ ಸೂಚಿಕೆ ಇಟ್ಟಳು. ಜಡ್ಜಮ್ಮನ ಪದವಿ ಪತ್ರ, ನೇಮಕಾತಿ ಆದೇಶ, ಹುಸ್ನಾಳ ಲಸಿಕೆ ಚೀಟಿ, ಕೊನೆಗೆ ಅಜ್ಜಿಯ ಕನ್ನಡಕದ ಚೀಟಿಯನ್ನೂ ಬಿಡಲಿಲ್ಲ. ಮರುದಿನವೇ ಕೈಲಿ ಎಂಬ ಏಜೆಂಟ್ ಹುಡುಗಿ ಫೋನ್ ಮಾಡಿದಳು. ಇಷ್ಟು ಕಾಗದ ಕಳಿಸಿದವರನ್ನು ತಾನು ಕಂಡಿಲ್ಲವೆಂದೂ, ಓನರ್ ಹಿಂದೆಮುಂದೆ ನೋಡುತ್ತಿದ್ದರೂ ತಾನೇ ಒಪ್ಪಿಸಿದ್ದೇನೆಂದೂ, ದಯವಿಟ್ಟು ಇನ್ನೇನೂ ಕಳಿಸಬೇಡಿರೆಂದೂ ಹೇಳಿದಳು. ಮನೆ ಕ್ಯಾನಿಂಗ್ಟನ್ನಿನಲ್ಲೇ, ಆದರೆ ಅನಂತಪದ್ಮನಾಭರದ್ದಲ್ಲ, ಶಾಪಿಂಗ್ ಸೆಂಟರಿನ ಹಿಂದೆ, ಎರಡು ಬೆಡ್‌ರೂಮು. ಅಡುಗೆಮನೆಗೆ ಓನರ್ ಆಗಷ್ಟೇ ಗಾಜಿನ ಮೈಯ ಹೊಸ ಎಲೆಕ್ಟ್ರಿಕ್ ಒಲೆ ಕೂರಿಸಿದ್ದ.

ಬೀಗದ ಕೈ ಸಿಕ್ಕ ಸೋಮವಾರ ವನಜಾ ಆ ಮೂವರನ್ನೂ ಕಾರಿನಲ್ಲಿ ಕರೆದುಕೊಂಡು ಹೋದಳು. ಪಟ್ಟಿಯ ಪ್ರಕಾರ ಅಂದು ಒಲೆ ಹಚ್ಚುವುದನ್ನು ತೋರಿಸಿಕೊಡಬೇಕು. ಇಷ್ಟು ಮಾಡಿ ಬಂದಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಆದರೆ ಹಾಲು ಉಕ್ಕಿಸದೆ ಹೊಸ ಮನೆಗೆ ಕಾಲಿಡುವುದು ವನಜಾಳಿಂದ ಆಗುವ ಕೆಲಸವಲ್ಲ. ಪರ್ತಿನಲ್ಲಿ ಅವಳು ಬದಲಿಸಿದ ಐದು ಬಾಡಿಗೆ ಮನೆಗಳಲ್ಲೂ ಉಕ್ಕಿಸಿದ್ದಳು. ಪೂಜೆಪುನಸ್ಕಾರ ಬಿಟ್ಟವರೂ, ದೇವರೇ ಇಲ್ಲವೆಂದು ವಾದಿಸುವವರೂ ಹೊಸ ಮನೆಗೆ ಹೋಗುವಾಗ ಕಾರಿನ ಹಿಂದಿನ ಸೀಟಿನಲ್ಲಿ ಎರಡು ಲೀಟರ್ ಹಾಲಿನ ಕ್ಯಾನು ಇಟ್ಟುಕೊಂಡೇ ಹೋಗುತ್ತಾರೆ. ನಿರಾಶ್ರಿತರ ಮನೆಯಲ್ಲಿ ಸಿಬ್ಬಂದಿ ತಮ್ಮ ಧರ್ಮದ ಆಚರಣೆ ಮಾಡತಕ್ಕದ್ದಲ್ಲ ಎಂದು ಒಂದು ನಿಯಮವಿತ್ತು. ಆ ತರಬೇತಿಗೆ ವನಜಾ ಹೋಗಿದ್ದಳು, ಪ್ರಮಾಣಪತ್ರವನ್ನೂ ಪಡೆದಿದ್ದಳು. ಇದು ಧರ್ಮವಲ್ಲ, ಒಲೆಯ ಪ್ರಾತ್ಯಕ್ಷಿಕೆ ಎಂದು ತನಗೆ ತಾನೇ ಹೇಳಿಕೊಂಡಳು. ಫೋನಿನಲ್ಲಿ ಪೂರ್ವ ದಿಕ್ಕು ನೋಡಿದಳು. ಪಾತ್ರೆಗೆ ಕಂಠಮಟ್ಟ ಹಾಲು ಸುರಿದು, ಒಂದು ಹಿಡಿ ಸಕ್ಕರೆ ಹಾಕಿ, ಉರಿಯನ್ನು ಕಡೆಯ ಅಂಕಿಯಾದ ಒಂಬತ್ತಕ್ಕೆ ತಿರುಗಿಸಿದಳು.

"ಆಂಟಿ, ಈಸ್ ದಿಸ್ ಆನ್ ದ ಲಿಸ್ಟ್?" ಎಂದಳು ಹುಸ್ನಾ. ಇಸ್ಲಾಮಾಬಾದಿನ ಕೋಣೆಯಲ್ಲಿ ಕೂತು ಫೋನಿನಿಂದಲೇ ಇಂಗ್ಲಿಷ್ ಕಲಿತ ಹುಡುಗಿ.

"ಹಾಂ, ಹಾಂ," ಎಂದಳು ವನಜಾ.

ಹಾಲು ಉಕ್ಕಿತು. ಉಕ್ಕಬೇಕಾದದ್ದೇ. ಆದರೆ ಈ ದರಿದ್ರ ಗಾಜಿನ ಒಲೆಗೆ ಉರಿ ತಗ್ಗಿಸಿದರೂ ಕಾವು ತಗ್ಗುವುದಿಲ್ಲ. ಹಾಲು ನಾಲ್ಕೂ ಕಡೆ ಹರಿಯಿತು, ಸಕ್ಕರೆ ಕರಗಿ ಕಪ್ಪಾಗಿ ಹೊಗೆಯೆದ್ದಿತು, ಅಲಾರಂ ಕೂಗಿಕೊಂಡಿತು. ಅಜ್ಜಿ ಇದು ಆಸ್ಟ್ರೇಲಿಯಾದ ಪದ್ಧತಿಯೇ ಇರಬೇಕೆಂದು ತಿಳಿದು ಸಂತೋಷದಿಂದ ಚಪ್ಪಾಳೆ ತಟ್ಟಿದರು. ವನಜಾ ಗಾಬರಿಬಿದ್ದು ನಲ್ಲಿಯಿಂದ ಒಂದು ಜಗ್ಗು ತಣ್ಣೀರು ಹಿಡಿದು ಒಲೆಯ ಮೇಲೆ ಸುರಿದಳು. ಟಪ್ ಎಂದು ಸದ್ದಾಯಿತು. ಗಾಜು ಈ ತುದಿಯಿಂದ ಆ ತುದಿಗೆ ಬಿರಿಯಿತು.

ಒರೆಸಿ, ಕಿಟಕಿ ತೆಗೆದು, ಉಸಿರು ಬಿಡುವಷ್ಟರಲ್ಲಿ ಕೈಲಿ ಬಂದಳು. ಮನೆಯ ಗೋಡೆ, ನಲ್ಲಿ, ಒಲೆ ಯಾವ ಸ್ಥಿತಿಯಲ್ಲಿವೆ ಎಂದು ಬರೆದ ವರದಿಗೆ ಸಹಿ ಹಾಕಿಸಿಕೊಳ್ಳುವುದಿತ್ತು. ಅಡುಗೆಮನೆಯ ಬಾಗಿಲಲ್ಲೇ ನಿಂತುಬಿಟ್ಟಳು.

"ಓ ನೋ. ಹೂ ಡಿಡ್ ದಿಸ್?"

ವನಜಾ ಬಾಯಿ ತೆರೆಯುವ ಮೊದಲೇ ಜರ್ಮೀನಾ ಒಂದು ಹೆಜ್ಜೆ ಮುಂದೆ ಬಂದು, ತಮಗೆ ಬರುವ ಇಂಗ್ಲಿಷಿನಲ್ಲಿ, "ನಾನು. ಅಡುಗೆ ಮಾಡುತ್ತಿದ್ದೆ. ನನ್ನ ತಪ್ಪು," ಎಂದರು.

ಈಗ ವನಜಾ ಹೇಳಬೇಕಿತ್ತು. ಮಂಡ್ಯದಲ್ಲಿ ತಹಸೀಲ್ದಾರರ ಎದುರಿಗೇ ಗಟ್ಟಿ ಗಂಟಲಲ್ಲಿ ಮಾತಾಡುತ್ತಿದ್ದವಳ ಬಾಯಿಗೆ ಆ ಗಳಿಗೆಯಲ್ಲಿ ಬೀಗ ಬಿತ್ತು. ಪ್ರೊಬೇಷನ್ ಮುಗಿಯಲು ನಾಲ್ಕು ದಿನವಿತ್ತು. ನೆಲ ನೋಡುತ್ತಾ ಕೊರಳಿನ ಗುರುತಿನ ಚೀಟಿಯನ್ನು ತಿರುಚುತ್ತಾ ನಿಂತಳು. ಕೈಲಿ ನಿಟ್ಟುಸಿರು ಬಿಟ್ಟು, ಮೊದಲ ದಿನವೇ ಹೀಗಾದರೆ ಓನರ್‌ಗೆ ತಾನು ಏನೆಂದು ಹೇಳಲಿ, ಇದನ್ನು ಜರ್ಮೀನಾರ ಫೈಲಿಗೆ ಹಾಕಲೇಬೇಕು, ಗುರುವಾರದೊಳಗೆ ಲಿಖಿತ ಹೇಳಿಕೆ ಕೊಡಿ, ಮನೆಯಲ್ಲಿ ಇರಿಸಿಕೊಳ್ಳುವುದು ಬಿಡುವುದು ಓನರ್‌ಗೆ ಬಿಟ್ಟದ್ದು ಎಂದಳು. ಇಲ್ಲಿಂದ ಎಬ್ಬಿಸಿದರೆ ಇಪ್ಪತ್ತೈದನೆಯ ಅರ್ಜಿಗೆ ಆ ಫೈಲೇ ಮೊದಲ ಅನುಬಂಧವಾಗುತ್ತದೆ ಎಂದು ವನಜಾಳಿಗೆ ಯಾರೂ ಬಿಡಿಸಿ ಹೇಳಬೇಕಿರಲಿಲ್ಲ.

ಸಂಜೆ ಗಣಿಯಿಂದ ರಮಾಕಾಂತ ವಿಡಿಯೊ ಕಾಲ್ ಮಾಡಿದಾಗ ಎಲ್ಲವನ್ನೂ ಹೇಳಿದಳು. ಅವನು ಕ್ಯಾಂಟೀನಿನ ಲಸಾನ್ಯ ತಿನ್ನುತ್ತಾ ಕೇಳಿಸಿಕೊಂಡ.

"ಅವ್ರೇ ಒಪ್ಕೊಂಡ್ರಲ್ಲ, ಸುಮ್ನಿರು ಮಾರಾಯ್ತಿ. ಶುಕ್ರವಾರ ಪರ್ಮನೆಂಟ್ ಆಗ್ಲಿ, ಆಮೇಲೆ ನೋಡ್ಕೊಂಡ್ರಾಯ್ತು."

"ಗುರುವಾರಕ್ಕೇ ಬರೆದು ಕೊಡ್ಬೇಕು ರೀ."

"ಅದಕ್ಕೇ ಹೇಳ್ತಿರೋದು, ಸುಮ್ನಿರು ಅಂತ."

ಸೋಫಾದಲ್ಲಿ ಕಾಲು ಚಾಚಿದ್ದ ಮಗಳು ಅದಿತಿ ಕಿವಿಯಿಂದ ಇಯರ್‌ಫೋನ್ ತೆಗೆದಳು. ಇಲ್ಲೇ ಹುಟ್ಟಿದ ಹುಡುಗಿ, ಕನ್ನಡ ಪೂರ್ತಿ ತಿಳಿಯುತ್ತದೆ, ಬೇಡವಾದಾಗ ಮಾತ್ರ ತಿಳಿಯುವುದಿಲ್ಲ. "ಅಮ್ಮಾ, ಯು ಲೆಟ್ ಎ ರೆಫ್ಯೂಜಿ ಟೇಕ್ ದ ಬ್ಲೇಮ್? ಸೀರಿಯಸ್ಲಿ?" ಎಂದು, ಉತ್ತರಕ್ಕೂ ಕಾಯದೆ ಮತ್ತೆ ಕಿವಿಗೆ ಸಿಕ್ಕಿಸಿಕೊಂಡಳು. ವನಜಾಳಿಗೆ ಮಗಳ ಮೇಲೆ ಕೆಟ್ಟ ಕೋಪ ಬಂತು. ಸರಿಯಾದ ಮಾತು ಆಡಿದವರ ಮೇಲೆ ಬರುವಂಥ ಕೋಪ.

ಮರುದಿನ ಬೆಳಿಗ್ಗೆ ಅವಳು ಕ್ಯಾನಿಂಗ್ಟನ್ನಿಗೆ ಹೋದಳು. ಕೈಯಲ್ಲಿ ಸಂಸ್ಥೆಯ ಘಟನಾ ವರದಿಯ ನಮೂನೆ ಇತ್ತು. ಜರ್ಮೀನಾ ನೆಲದ ಹಾಸಿಗೆಯ ಮೇಲೆ ಅವಳನ್ನು ಕೂರಿಸಿ ಏಲಕ್ಕಿ ಹಾಕಿದ ಹಸಿರು ಚಹಾ ತಂದಿಟ್ಟರು. ನೀರು ಕಾಯಿಸಲು ವಿದ್ಯುತ್ ಕೆಟಲ್ ಒಂದೇ ಗತಿ.

"ಯಾಕೆ ಮೇಡಂ ಹಾಗೆ ಹೇಳಿದ್ರಿ? ನಾನಲ್ವಾ ಒಡೆದದ್ದು?"

ಜರ್ಮೀನಾ ತಡಮಾಡದೆ ಹೇಳಿದರು, "ಲೆಕ್ಕ ಹಾಕಿದೆ. ನಾಳೆ ಹುಸ್ನಾಳ ಶಾಲೆ ಇದೆ, ಶುಕ್ರವಾರ ಅಮ್ಮನ ಡಾಕ್ಟರು ಇದ್ದಾರೆ, ಬ್ಯಾಂಕಿದೆ. ನೀನು ಹೋದರೆ ಇನ್ನೊಬ್ಬರು ಪಟ್ಟಿ ಹಿಡಿದು ಬರುತ್ತಾರೆ, ಮತ್ತೆ ಒಂದರಿಂದ ಶುರುಮಾಡುತ್ತಾರೆ. ಆ ಫ್ಲಶ್ಶನ್ನು ಇನ್ನೊಂದು ಸಲ ಕಲಿಯಲು ನನ್ನಿಂದ ಆಗದು, ವನಜಾ ಜಾನ್."

ವನಜಾ ನಕ್ಕಳು. ಜರ್ಮೀನಾ ನಗಲಿಲ್ಲ.

"ನನ್ನ ಕೋರ್ಟಿನಲ್ಲೂ ಇಂಥವರು ಬರುತ್ತಿದ್ದರು. ಗಂಡನ ತಪ್ಪಿಗೆ ಹೆಂಡತಿ, ಅಣ್ಣನ ತಪ್ಪಿಗೆ ತಂಗಿ. ನಾನು ಮಾಡಿದೆ, ನಾನು ಮಾಡಿದೆ ಎನ್ನುವರು. ಅವರನ್ನು ನಾನು ನೋಡುತ್ತಿರಲಿಲ್ಲ. ಹಿಂದೆ ತಲೆ ತಗ್ಗಿಸಿ ನಿಂತವನನ್ನು ನೋಡುತ್ತಿದ್ದೆ."

ವನಜಾಳಿಗೆ ಕಣ್ಣು ಒದ್ದೆಯಾಯಿತು. ನಮೂನೆಯನ್ನು ಮುಂದಕ್ಕೆ ಚಾಚಿದಳು. ಬರೆದುಕೊಂಡೇ ಬಂದಿದ್ದಳು. ಜರ್ಮೀನಾ ಕನ್ನಡಕ ಹಾಕಿಕೊಂಡು, ತಿಳಿಯದ ಇಂಗ್ಲಿಷ್ ಪದವನ್ನು ಹುಸ್ನಾಳಿಂದ ಕೇಳುತ್ತಾ ಓದಿದರು. ಕೆಲವು ಅನಿವಾರ್ಯ ಸಾಂಸ್ಕೃತಿಕ ಸನ್ನಿವೇಶಗಳ ದೆಸೆಯಿಂದ ಒಲೆಗೆ ಹಾನಿ ಸಂಭವಿಸಿದೆ ಎಂದಿತ್ತು.

"ಇದರಲ್ಲಿ ಒಡೆದವರು ಯಾರು?"

"ಗೊತ್ತಾಗತ್ತಲ್ಲ ಮೇಡಂ..."

"ನನಗೆ ಗೊತ್ತಾಗಲಿಲ್ಲ. ಇನ್ನೊಮ್ಮೆ ಬರಿ."

ಎರಡನೆಯ ಸಲ ವನಜಾ ಧಾರಾಳವಾಗಿ ತಪ್ಪೊಪ್ಪಿಕೊಂಡಳು. ಈ ಕುಟುಂಬದ ಒಳಿತಿಗಾಗಿ ತಾನು ಯಾವ ತ್ಯಾಗಕ್ಕೂ ಸಿದ್ಧಳೆಂದು ಅರ್ಧ ಪುಟ ಬರೆದಳು. ಜರ್ಮೀನಾ ಆ ಅರ್ಧ ಪುಟದ ಮೇಲೆ ಒಂದೇ ಗೀಟು ಎಳೆದರು. ಮೂರನೆಯ ಸಲ ಹಾಲು, ಸಕ್ಕರೆ, ಒಂಬತ್ತರ ಉರಿ, ತಣ್ಣೀರು, ನಿಯಮ ಗೊತ್ತಿದ್ದೂ ಮಾಡಿದ್ದು, ಎಲ್ಲವೂ ಬಂತು. ಜರ್ಮೀನಾ ಕೊನೆಯ ಸಾಲಿಗೆ ಬೆರಳಿಟ್ಟು ತಲೆಯೆತ್ತಿದರು.

"ನಿನ್ನೆ ಆ ಹುಡುಗಿ ಕೇಳಿದಾಗ ನೀನು ಸುಮ್ಮನಿದ್ದೆ. ಅದೆಲ್ಲಿ?"

"ಅದಕ್ಕೆ ಇದರಲ್ಲಿ ಕಾಲಂ ಇಲ್ಲ ಮೇಡಂ."

"ಅಂಚಿನಲ್ಲಿ ಜಾಗವಿದೆ."

ವನಜಾಳ ಮುಖ ಕಿವಿಯವರೆಗೆ ಬಿಸಿಯಾಯಿತು. ಈ ಹೆಂಗಸಿಗೆ ಬಿನ್ನಿನ ಬಣ್ಣ ಹೇಳಿಕೊಟ್ಟವಳು ತಾನೇ ಎಂಬುದು ನೆನಪಾಗಿ ಇನ್ನಷ್ಟು ಬಿಸಿಯಾಯಿತು. ವನಜಾ ಅಂಚಿನಲ್ಲಿ ಬರೆದಳು: ನನ್ನೆದುರಿಗೇ ಇವರು ನನ್ನ ತಪ್ಪನ್ನು ತಮ್ಮದೆಂದು ಹೇಳಿದರು, ಕೆಲಸ ಹೋಗುತ್ತದೆಂದು ಹೆದರಿ ನಾನು ಬಾಯಿ ಬಿಡಲಿಲ್ಲ. ಅದರ ಕೆಳಗೆ ಜರ್ಮೀನಾ ಪೆನ್ನು ಇಸಿದುಕೊಂಡು, ತಾವೂ ಸುಳ್ಳು ಹೇಳಿಕೆ ಕೊಟ್ಟಿದ್ದಾಗಿ ಸ್ವತಃ ಬರೆದು ಸಹಿ ಹಾಕಿದರು. "ಇದಕ್ಕೆ ನಾನು ಆರು ತಿಂಗಳು ಜೈಲು ಕೊಡುತ್ತಿದ್ದೆ," ಎಂದರು. ಆಗ ಮಾತ್ರ ಸ್ವಲ್ಪ ನಕ್ಕರು.

ಒಂದು ಪ್ರತಿ ಕೈಲಿಗೆ, ಒಂದು ಪ್ರತಿ ಆಫೀಸಿಗೆ ಹೋಯಿತು. ಮನೆಯ ಓನರ್ ಒಂದು ದಿನ ಯೋಚಿಸಿ, ಒಲೆಯನ್ನು ಸಂಸ್ಥೆಯವರೇ ಹೊಸದಾಗಿ ಕೂರಿಸಿಕೊಟ್ಟರೆ ತನ್ನ ತಕರಾರಿಲ್ಲ, ಬಾಡಿಗೆಗೆ ಇರುವವರು ಇರಲಿ ಎಂದ. ಕೈಲಿ ಜರ್ಮೀನಾರ ಫೈಲಿನಿಂದ ಆ ಪುಟವನ್ನು ತೆಗೆದುಹಾಕಿದ್ದಾಗಿ ಫೋನ್ ಮಾಡಿ ತಿಳಿಸಿದಳು. ಆ ದಿನ ವನಜಾ ಎರಡು ಹೊತ್ತಿನ ಊಟವನ್ನು ಒಂದೇ ಹೊತ್ತಿಗೆ ಮಾಡಿದಳು.

ಶುಕ್ರವಾರ ಅವಳ ಮೇಲಧಿಕಾರಿ ಶಾನ್ ಕರೆಸಿದ. ಕೆಟ್ಟವನಲ್ಲ. ಯಾರನ್ನು ಕೆಲಸದಿಂದ ತೆಗೆಯುವಾಗಲೂ ಮೊದಲು ಬಿಸ್ಕತ್ತಿನ ತಟ್ಟೆ ಮುಂದಿಡುವ ಮನುಷ್ಯ. ನಿಯಮ ಮುರಿದದ್ದು ಬರಹದಲ್ಲೇ ಬಂದಮೇಲೆ ತನ್ನ ಕೈ ಕಟ್ಟಿದಂತಾಗಿದೆ, ಕೆಲಸದಲ್ಲಿ ಮುಂದುವರಿಸಲಾಗದು ಎಂದ. ವನಜಾಳಿಗೆ ಇದು ಗೊತ್ತಿದ್ದದ್ದೇ. ಹದಿನೈದು ವರ್ಷಕ್ಕೆ ಸಿಕ್ಕ ಮೇಜು, ಆರು ತಿಂಗಳೂ ಉಳಿಯಲಿಲ್ಲ.

"ಒಂದು ಅರ್ಥವಾಗಲಿಲ್ಲ," ಎಂದ ಶಾನ್, ದನಿ ತಗ್ಗಿಸಿ. "ಆಕೆ ಒಪ್ಪಿಕೊಂಡಿದ್ದಳು. ಅಂಚಿನ ಆ ಸಾಲನ್ನಂತೂ ಯಾರೂ ಕೇಳಿರಲಿಲ್ಲ. ಬರೆಯದಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ."

"ಜಡ್ಜಿಗೆ ಗೊತ್ತಿತ್ತು," ಎಂದಳು ವನಜಾ.

"ಯಾವ ಜಡ್ಜ್?"

ಅವನ ಎದುರಿನ ಪರದೆಯಲ್ಲಿ ಜರ್ಮೀನಾರ ಕಡತ ತೆರೆದಿತ್ತು. ಹೆಂಗಸು, ನಲವತ್ತಾರು, ವಿಧವೆ, ಉದ್ಯೋಗ ಗೃಹಕೃತ್ಯ. ನಲವತ್ತೊಂದು ಅನುಬಂಧಗಳನ್ನು ಏಜೆಂಟ್ ಹುಡುಗಿ ಓದಿದ್ದಳು, ಸಂಸ್ಥೆಯಲ್ಲಿ ಒಬ್ಬರೂ ಓದಿರಲಿಲ್ಲ. ವನಜಾ ಬಿಸ್ಕತ್ತಿನ ತಟ್ಟೆಯನ್ನು ಪಕ್ಕಕ್ಕೆ ಸರಿಸಿ, ಹೆರಾತಿನ ಕೋರ್ಟಿನಿಂದ ಹಿಡಿದು ಹೇಳತೊಡಗಿದಳು. ಅರ್ಧ ಗಂಟೆ ಹಿಡಿಯಿತು. ಮುಗಿದ ಮೇಲೆ ಅವಳು ಕೊರಳಿನಿಂದ ಗುರುತಿನ ಚೀಟಿ ತೆಗೆದು ಮೇಜಿನ ಮೇಲಿಟ್ಟಳು.

ಅಂದು ಮಧ್ಯಾಹ್ನ ಅಜ್ಜಿಯನ್ನು ಕಿವಿ ಡಾಕ್ಟರಿಗೆ ತೋರಿಸಬೇಕಿತ್ತು. ಹೊಸಬರು ಬರುವುದು ಸೋಮವಾರಕ್ಕೆ. ಸಿಬ್ಬಂದಿ ರಜಾದಿನದಲ್ಲಿ ನಿರಾಶ್ರಿತರ ಮನೆಗೆ ಹೋಗಬಾರದು, ಅವರ ಮನೆಯಲ್ಲಿ ಉಣ್ಣಬಾರದು, ತಮ್ಮ ಕಷ್ಟಸುಖ ಅವರಲ್ಲಿ ಹೇಳಿಕೊಳ್ಳಬಾರದು ಎಂಬ ನಿಯಮಗಳೆಲ್ಲ ಈಗ ಬೇರೆ ಯಾರಿಗೋ ಸೇರಿದ್ದವು. ವನಜಾ ಕಾರು ಹತ್ತಿ ಕ್ಯಾನಿಂಗ್ಟನ್ನಿಗೆ ಹೋದಳು. ಬಾಗಿಲು ತೆರೆದ ಜರ್ಮೀನಾ ಅವಳ ಖಾಲಿ ಕೊರಳನ್ನು ನೋಡಿದರು. ಅವಳ ಕೈ ಹಿಡಿದು ಒಳಗೆ ಕರೆದುಕೊಂಡರು. ವನಜಾ ಅವರ ಹೆಗಲ ಮೇಲೆ ತಲೆಯಿಟ್ಟು, ಮನಸ್ಸು ತುಂಬ ಅತ್ತಳು.